ಮರೆಯ ಬೆಲೆ: ಖಾಸಗಿತನದ ರಕ್ಷಣೆಯೂ ಅದಕ್ಕೆ ತಗಲುವ ಶ್ರಮವೂ

೧

ಕನ್ನಡದಲ್ಲಿ ‘ಮರೆ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಕಣ್ಣಿಗೆ ಕಾಣದಂತೆ ಅಡ್ಡವಾಗಿರುವುದು ಮರೆ. ನೆನಪಿನಿಂದ ಜಾರಿಸಿಬಿಡುವುದೂ ಮರೆ. ಹಳಗನ್ನಡದಲ್ಲಿ ಇವೆರಡೂ ಶಕಟರೇಫವುಳ್ಳ ‘ಮಱೆ’ ಎಂಬ ಒಂದೇ ರೂಪದವು. ಇಂದು ‘ಖಾಸಗಿತನ’ವೆಂದು ಕರೆಯುವ ವಿಷಯವನ್ನು ವಿಚಾರಮಾಡಹೊರಟವರಿಗೆ ಈ ಹಳೆಯ ಮಾತು ಒಳ್ಳೆಯ ದಾರಿದೀಪವಾಗಬಲ್ಲದು. ‘ಖಾಸಗಿ’ ಎಂಬ ಶಬ್ದ ಅರಬ್ಬಿಯಿಂದ ಪಾರಸಿಯ ಮೂಲಕ ನಮ್ಮಲ್ಲಿಗೆ ಬಂದುದು; ತನಗೇ ಸೇರಿದ್ದು, ವಿಶೇಷವಾದದ್ದು ಎಂಬುದು ಅದರ ಮೂಲಾರ್ಥ. ‘ಗುಟ್ಟು’ ಎಂದರೆ ಮುಚ್ಚಿಟ್ಟದ್ದು. ‘ಏಕಾಂತ’ವೆಂದರೆ ಒಬ್ಬಂಟಿಯಾಗಿರುವ ಸ್ಥಿತಿ. ಇವುಗಳಲ್ಲಿ ಯಾವುದೂ ಪೂರ್ಣಾರ್ಥವನ್ನು ಕೊಡಲಾರದು. ಇತರರು ನೋಡದಿರುವುದು ಮತ್ತು ನೋಡಿದವರು ಮರೆಯುವುದು ಇವೆರಡೂ ಕೂಡಿದಾಗ ಮಾತ್ರ ಮನುಷ್ಯನಿಗೆ ತನ್ನ ಬಾಳು ತನ್ನದೆನ್ನುವ ನೆಮ್ಮದಿ ದೊರೆಯುತ್ತದೆ.

ಈ ನೆಮ್ಮದಿಯನ್ನು ಕಾಪಾಡಿಕೊಳ್ಳಲು ಪಡುವ ಶ್ರಮ ಸಾರ್ಥಕವೆ, ವ್ಯರ್ಥವೆ ಎಂಬ ಪ್ರಶ್ನೆ ಈಚಿನ ವರ್ಷಗಳಲ್ಲಿ ಮನೆಮನೆಯ ಪ್ರಶ್ನೆಯಾಗಿದೆ. ಬೆಳಗಿನ ಲೋಕಲ್ ಗಾಡಿಗೆ ಓಡುವ ಗೃಹಸ್ಥನಿಗೆ ಪ್ರತಿಯೊಂದು ಅರ್ಜಿಯನ್ನೂ ಓದಿ ಸಹಿಮಾಡುವಷ್ಟು ವ್ಯವಧಾನವೆಲ್ಲಿ? “ಮುಚ್ಚಿಡುವಂಥದು ನಮ್ಮಲ್ಲೇನಿದೆ?” ಎಂದು ಕೆಲವರು ಕೇಳುತ್ತಾರೆ, “ಎಲ್ಲವೂ ಈಗಾಗಲೇ ಹೊರಬಿದ್ದಿದೆ, ಇನ್ನು ಬಾಗಿಲು ಹಾಕಿ ಫಲವೇನು?” ಎಂದು ಮತ್ತೆ ಕೆಲವರು. ಈ ಎರಡು ವಾದಗಳಲ್ಲಿಯೂ ಸ್ವಲ್ಪಮಟ್ಟಿಗೆ ನಿಜವಿದೆ. ಎಷ್ಟು ನಿಜವಿದೆ ಎಂಬುದನ್ನು ಜಮೆ-ಖರ್ಚು ನೋಡಿದಂತೆ ತೂಗಿನೋಡುವುದು ಪ್ರಕೃತ ಲೇಖನದ ಉದ್ದೇಶ.

೨

ಥಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಮರೆಯ ಬೆಲೆ ಅನುಭವದಿಂದಲೇ ಗೊತ್ತು. ೨೦೧೧ರ ಜನಗಣತಿಯಂತೆ ಥಾಣೆ ನಗರದಲ್ಲಿ ಸುಮಾರು ೧೮.೪ ಲಕ್ಷ, ಕಲ್ಯಾಣ-ಡೊಂಬಿವಲಿಯಲ್ಲಿ ೧೨.೫ ಲಕ್ಷ, ನವಿಮುಂಬಯಿಯಲ್ಲಿ ೧೧.೨ ಲಕ್ಷ ಜನರಿದ್ದರು. ಇಷ್ಟು ದೊಡ್ಡ ಜನಸಾಗರಕ್ಕೆ ಬಂದು ಸೇರಿದವರು ಊರಿನಲ್ಲಿ ಕಳೆದುಕೊಂಡುದೂ ಉಂಟು, ಗಳಿಸಿದುದೂ ಉಂಟು. ಹಳ್ಳಿಯಲ್ಲಿ ಹೊಸಬನನ್ನು ಕಂಡೊಡನೆ ಯಾರ ಮಗ, ಯಾವ ಮನೆ, ಯಾವ ಜಾತಿ ಎಂಬ ಪ್ರಶ್ನೆಗಳು ಬರುತ್ತಿದ್ದುವು. ಉಡುಪಿ ಹೋಟೆಲಿನಲ್ಲಿ ಹಗಲು ದುಡಿದು ರಾತ್ರಿಶಾಲೆಯಲ್ಲಿ ಓದಿದ ಹುಡುಗನಿಗೆ ಈ ನಗರ ಕೊಟ್ಟ ಮೊದಲ ದಾನವೆಂದರೆ ಆ ಪ್ರಶ್ನೆಗಳಿಂದ ಬಿಡುಗಡೆ. ಗಾಡಿಯ ಡಬ್ಬದಲ್ಲಿ ಹೆಗಲಿಗೆ ಹೆಗಲು ತಾಗಿ ನಿಂತವನು ಯಾರೆಂದು ಯಾರೂ ಕೇಳುತ್ತಿರಲಿಲ್ಲ. ಅಪರಿಚಿತನಾಗಿರುವ ಈ ಸ್ವಾತಂತ್ರ್ಯವೇ ಅನೇಕರ ಏಳಿಗೆಗೆ ಮೆಟ್ಟಿಲಾಯಿತು.

ಹಾಗೆಂದು ಚಾಳಿನ ಬದುಕಿನಲ್ಲಿ ಗೋಡೆಗಳು ದಪ್ಪವಾಗಿದ್ದುವೆಂದಲ್ಲ. ಉದ್ದನೆಯ ಓಸರಿ, ಸಾಮಾನ್ಯ ನಲ್ಲಿ, ಪಕ್ಕದ ಖೋಲಿಯ ಮಾತು ಕೇಳಿಸುವಷ್ಟು ತೆಳುವಾದ ಅಡ್ಡಗೋಡೆ. ಇಂತಹ ಕಡೆ ಒಬ್ಬರ ಮನೆಯ ಜಗಳ, ಸಾಲ, ಕಾಯಿಲೆಗಳು ಇನ್ನೊಬ್ಬರಿಗೆ ತಿಳಿಯದಿರುವುದು ಅಸಾಧ್ಯವಾಗಿತ್ತು. ಆದರೂ ಆ ತಿಳಿವಳಿಕೆಗೆ ಮೂರು ಮಿತಿಗಳಿದ್ದುವು. ಮೊದಲನೆಯದಾಗಿ ಅದು ಪರಸ್ಪರವಾದುದು: ಇವರ ಸಂಗತಿ ಅವರಿಗೆ ಗೊತ್ತಿದ್ದಂತೆ ಅವರದೂ ಇವರಿಗೆ ಗೊತ್ತಿತ್ತು; ಅದರಿಂದ ಬಾಯಿಗೆ ಸಹಜವಾಗಿ ಕಡಿವಾಣವಿತ್ತು. ಎರಡನೆಯದಾಗಿ ಅದು ಸ್ಥಳಬದ್ಧ. ಚಾಳಿನ ಮಾತು ಕಚೇರಿಯವರೆಗೆ ಹೋಗುತ್ತಿದ್ದುದು ಅಪೂರ್ವ. ಮೂರನೆಯದಾಗಿ ಅದು ಮರೆತುಹೋಗುತ್ತಿತ್ತು. ಹತ್ತು ವರ್ಷಗಳ ಹಿಂದಿನ ಅಪಮಾನವನ್ನು ನೆರೆಯವರು ಮರೆಯುತ್ತಿದ್ದರು, ಅಥವಾ ಮರೆತವರಂತೆ ನಡೆದುಕೊಳ್ಳುತ್ತಿದ್ದರು.

ಇಂದಿನ ದಾಖಲೆಗಳಿಗೆ ಈ ಮೂರು ಮಿತಿಗಳೂ ಇಲ್ಲ. ಬಾಡಿಗೆ ಮನೆಗೆ ಕರಾರುಪತ್ರ ನೋಂದಣಿಯಾಗಬೇಕು. ೧೯೯೯ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾನೂನು ಅದನ್ನು ಕಡ್ಡಾಯಮಾಡಿದೆ. ಅದಕ್ಕೆ ಭಾವಚಿತ್ರ, ಹೆಬ್ಬೆರಳಿನ ಗುರುತು ಬೇಕು. ದಲಾಲನಿಗೊಂದು, ಸೊಸೈಟಿಯ ಕಾರ್ಯದರ್ಶಿಗೊಂದು, ಪೊಲೀಸ್ ಠಾಣೆಗೊಂದು ಪ್ರತಿ ಬೇಕು. ಸ್ಟೇಷನ್ನಿನ ಹೊರಗಿನ ಝೆರಾಕ್ಸ್ ಅಂಗಡಿಯ ಯಂತ್ರದಲ್ಲಿಯೋ ವಾಟ್ಸಾಪಿನಲ್ಲಿಯೋ ಒಂದು ನಕಲು ಉಳಿದರೂ ಉಳಿಯಿತು. ಕಟ್ಟಡದ ಬಾಗಿಲಲ್ಲಿ ಬಂದವರ ಹೆಸರು, ಮೊಬೈಲ್ ಸಂಖ್ಯೆ ಬರೆಯಿಸುತ್ತಾರೆ. ಅಂಗಡಿಯಲ್ಲಿ ಬಿಲ್ಲಿಗೆ ಮೊದಲು ಸಂಖ್ಯೆ ಕೇಳುತ್ತಾರೆ. ಇವುಗಳನ್ನು ಇಟ್ಟುಕೊಂಡವರ ವಿಷಯವಾಗಿ ಕೊಟ್ಟವರಿಗೆ ಏನೂ ತಿಳಿಯದು. ಆದುದರಿಂದ ಪರಸ್ಪರತೆ ಹೋಯಿತು. ಕ್ಷಣಮಾತ್ರದಲ್ಲಿ ಪ್ರತಿ ದೇಶಾಂತರಕ್ಕೆ ಹೋಗಬಲ್ಲದು. ಸ್ಥಳದ ಕಟ್ಟು ಹೋಯಿತು. ಐರೋಲಿ, ರಬಾಳೆ, ಮಹಾಪೆಗಳ ಕೈಗಾರಿಕಾ ವಲಯದಲ್ಲಿ ಎದ್ದುನಿಂತಿರುವ ಮಾಹಿತಿ ಭಂಡಾರಗಳ ಯಂತ್ರಗಳಿಗೆ ದಣಿವಿಲ್ಲ, ವಿಸ್ಮೃತಿಯಿಲ್ಲ, ಮರೆವೂ ಹೋಯಿತು. ಚಾಳಿನಿಂದ ಫ್ಲ್ಯಾಟಿಗೆ ಬಂದ ಸಂಸಾರಕ್ಕೆ ಗೋಡೆಯ ಮರೆ ಹೆಚ್ಚಾಗಿ, ನೆನಪಿನ ಮರೆ ಕಡಿಮೆಯಾದುದು ಹೀಗೆ.

೩

“ಮುಚ್ಚಿಡುವಂಥದು ನಮ್ಮಲ್ಲೇನಿದೆ?” ಎಂಬ ವಾದವನ್ನು ಮೊದಲು ಪರೀಕ್ಷಿಸಬಹುದು. ತಪ್ಪುಮಾಡಿದವನಿಗೆ ಮಾತ್ರ ಮರೆ ಬೇಕು ಎಂಬುದು ಇದರ ತಿರುಳು. ನಮ್ಮ ಹಿಂದಿನವರು ಹಾಗೆ ತಿಳಿದಿರಲಿಲ್ಲ. ಯತ್ನದಿಂದ ಕಾಪಾಡತಕ್ಕ ಒಂಬತ್ತು ವಿಷಯಗಳನ್ನು ಹಿತೋಪದೇಶ ಎಣಿಸುತ್ತದೆ. ಅವುಗಳಲ್ಲಿ ವಯಸ್ಸು, ಹಣ, ಮನೆಯ ಕುಂದು, ಔಷಧ, ಅಪಮಾನ ಇವುಗಳೊಡನೆ ದಾನವೂ ಸೇರಿದೆ. ದಾನವು ಪಾಪವಲ್ಲವಷ್ಟೆ, ಆದರೂ ಅದು ಮರೆಯಲ್ಲಿರಬೇಕು. ಮರೆಯೆಂಬುದು ತಪ್ಪಿನ ಹೊದಿಕೆಯಲ್ಲ, ಮಾನದ ಹೊದಿಕೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ‘ಯತ್ನ’ವೆಂಬ ಮಾತೂ ಗಮನಾರ್ಹವಾದುದು, ಶ್ರಮವಿಲ್ಲದೆ ಇದು ಸಾಧ್ಯವಿಲ್ಲವೆಂದು ಅಂದೇ ತಿಳಿದಿತ್ತು. ವಿನೋದವೆಂದರೆ, ಅಂದು ಮರೆಯಲ್ಲಿರಿಸಬೇಕೆಂದ ವಯಸ್ಸು, ವಿತ್ತ, ಔಷಧಗಳೇ ಇಂದಿನ ಅರ್ಜಿಗಳಲ್ಲಿ ತುಂಬಬೇಕಾದ ಅಂಕಣಗಳಾಗಿವೆ.

ಇದೇ ತತ್ತ್ವವನ್ನು ಬ್ಯಾಂಕಿನ ವ್ಯವಹಾರ ತನ್ನದೇ ಹಾದಿಯಲ್ಲಿ ಕಂಡುಕೊಂಡಿತು. ಇಂಗ್ಲೆಂಡಿನ ೧೯೨೪ರ ಟೂರ್ನಿಯರ್ ಮೊಕದ್ದಮೆ ಬ್ಯಾಂಕಿನವರೆಲ್ಲರೂ ಬಲ್ಲ ಸಂಗತಿ. ಟೂರ್ನಿಯರನ ಖಾತೆಯಲ್ಲಿ ಹತ್ತು ಪೌಂಡಿಗಿಂತ ಕಡಿಮೆ ಸಾಲ ನಿಂತಿತ್ತು. ವಾರಕ್ಕೊಂದು ಪೌಂಡಿನಂತೆ ತೀರಿಸುವೆನೆಂದು ಬರೆದುಕೊಟ್ಟವನು ಕಂತು ತಪ್ಪಿಸಿದ. ಶಾಖೆಯ ಮ್ಯಾನೇಜರು ಅವನ ವಿಳಾಸ ಕೇಳುವುದಕ್ಕೆಂದು ಅವನ ಯಜಮಾನರಿಗೆ ಫೋನು ಮಾಡಿ, ಮಾತಿನ ನಡುವೆ ಸಾಲದ ವಿಷಯವನ್ನೂ, ಅವನು ಜೂಜಿನ ಪಂದ್ಯದವರಿಗೆ ಹಣ ಕೊಡುತ್ತಿರುವನೆಂಬ ಸಂದೇಹವನ್ನೂ ಹೇಳಿಬಿಟ್ಟ. ಟೂರ್ನಿಯರನ ನೌಕರಿ ಮುಂದುವರಿಯಲಿಲ್ಲ. ಗಿರಾಕಿಯ ಸಂಗತಿಯನ್ನು ಹೊರಗೆಡಹದಿರುವುದು ಬ್ಯಾಂಕಿನ ಕರ್ತವ್ಯವೆಂದು ಮೇಲ್ಮನವಿ ನ್ಯಾಯಾಲಯ ಹೇಳಿ ನಾಲ್ಕು ಅಪವಾದಗಳನ್ನು ಮಾತ್ರ ಒಪ್ಪಿತು: ಕಾನೂನಿನ ಕಟ್ಟಳೆ, ಸಾರ್ವಜನಿಕ ಕರ್ತವ್ಯ, ಬ್ಯಾಂಕಿನ ಸ್ವಂತ ಹಿತರಕ್ಷಣೆ, ಗಿರಾಕಿಯ ಸಮ್ಮತಿ. ಇಲ್ಲಿ ಗಿರಾಕಿ ಅಪರಾಧಿಯಲ್ಲ, ಮ್ಯಾನೇಜರು ದುಷ್ಟನೂ ಅಲ್ಲ. ಒಂದು ಫೋನಿನ ಮಾತು ಬೇರೆಯವರ ಕಿವಿಗೆ ಬಿದ್ದು ಒಬ್ಬನ ಅನ್ನ ಹೋಯಿತು. “ಮುಚ್ಚಿಡುವಂಥದು ಏನೂ ಇಲ್ಲ” ಎನ್ನುವವರು ಯಾರಿಂದ ಮುಚ್ಚಿಡುವುದು ಎಂಬ ಪ್ರಶ್ನೆಯನ್ನೇ ಕೇಳಿಕೊಂಡಿರುವುದಿಲ್ಲ. ವೈದ್ಯನಿಗೆ ತಿಳಿಯಬೇಕಾದುದು ಯಜಮಾನನಿಗೆ ತಿಳಿಯಬಾರದು. ಯಜಮಾನನಿಗೆ ತಿಳಿದಿರುವುದು ಬೀಗರಿಗೆ ತಿಳಿಯಬೇಕಾಗಿಲ್ಲ.

ಭಾರತದಲ್ಲಿಯೂ ಈ ಕಟ್ಟಳೆ ಕಾನೂನಾಗಿದೆ. ೧೯೫೫ರ ಸ್ಟೇಟ್ ಬ್ಯಾಂಕ್ ಕಾನೂನಿನಲ್ಲಿಯೂ, ೧೯೭೦ರ ಬ್ಯಾಂಕು ರಾಷ್ಟ್ರೀಕರಣ ಕಾನೂನಿನಲ್ಲಿಯೂ ಗಿರಾಕಿಯ ವ್ಯವಹಾರವನ್ನು ಗೋಪ್ಯವಾಗಿಡಬೇಕೆಂಬ ವಿಧಿಗಳಿವೆ. ಇದರ ಮುಂದಿನ ಹೆಜ್ಜೆ ಕನ್ನಡಿಗರಿಗೆ ವಿಶೇಷವಾಗಿ ಹತ್ತಿರವಾದುದು. ೧೯೦೬ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ನೆಟ್ಟ ಕೆನರಾ ಬ್ಯಾಂಕಿನ ಹೆಸರು ಈ ವಿಷಯದ ಒಂದು ಮುಖ್ಯ ತೀರ್ಪಿನೊಡನೆ ಸೇರಿದೆ. ಆಂಧ್ರಪ್ರದೇಶವು ೧೯೮೬ರಲ್ಲಿ ಸ್ಟ್ಯಾಂಪ್ ಕಾನೂನನ್ನು ತಿದ್ದಿ, ಕಲೆಕ್ಟರು ಅಧಿಕಾರ ಕೊಟ್ಟ ಯಾವ ವ್ಯಕ್ತಿಯಾದರೂ ಬ್ಯಾಂಕಿನಲ್ಲಿರುವ ಪತ್ರಗಳನ್ನು ತನಿಖೆಮಾಡಿ ವಶಪಡಿಸಿಕೊಳ್ಳಬಹುದೆಂದು ಮಾಡಿತ್ತು. ೨೦೦೪ರ ನವೆಂಬರ್ ೧ರಂದು ಸುಪ್ರೀಂ ಕೋರ್ಟು ಈ ತಿದ್ದುಪಡಿಯನ್ನು ಎತ್ತಿಹಿಡಿಯಲಿಲ್ಲ. ಪತ್ರವು ಗಿರಾಕಿಯ ಮನೆಯಿಂದ ಬ್ಯಾಂಕಿನ ಕಪಾಟಿಗೆ ಹೋದ ಮಾತ್ರಕ್ಕೆ ಅದರ ಗೋಪ್ಯತೆ ಅಳಿಯುವುದಿಲ್ಲ. ಖಾಸಗಿತನ ಸ್ಥಳಕ್ಕೆ ಸೇರಿದುದಲ್ಲ, ವ್ಯಕ್ತಿಗೆ ಸೇರಿದುದು ಎಂಬುದು ಆ ತೀರ್ಪಿನ ಸಾರ. ಅಮೆರಿಕದ ನ್ಯಾಯಾಲಯ ೧೯೭೬ರಲ್ಲಿ ಇದಕ್ಕೆ ವಿರುದ್ಧವಾಗಿ, ಬ್ಯಾಂಕಿಗೆ ಒಪ್ಪಿಸಿದ ದಾಖಲೆಯ ಮೇಲೆ ಗಿರಾಕಿಗೆ ಅಂಥ ಹಕ್ಕಿಲ್ಲವೆಂದಿತ್ತು. ಆ ದಾರಿಯನ್ನು ನಮ್ಮ ನ್ಯಾಯಾಲಯ ಹಿಡಿಯಲಿಲ್ಲ. “ಎಲ್ಲವೂ ಹೊರಬಿದ್ದಿದೆ” ಎನ್ನುವವರಿಗೆ ಇದರಲ್ಲಿ ಉತ್ತರವಿದೆ: ಒಂದೆಡೆ ಕೊಟ್ಟದ್ದು ಎಲ್ಲರಿಗೂ ಕೊಟ್ಟದ್ದಾಗುವುದಿಲ್ಲ.

೪

ಸಂವಿಧಾನದ ಮಟ್ಟದಲ್ಲಿ ಈ ಹಕ್ಕು ನೆಲೆನಿಲ್ಲಲು ಬಹುಕಾಲ ಹಿಡಿಯಿತು. ೧೯೫೪ರ ಎಂ. ಪಿ. ಶರ್ಮಾ ಮೊಕದ್ದಮೆಯಲ್ಲಿ ಎಂಟು ನ್ಯಾಯಾಧೀಶರ ಪೀಠವೂ, ೧೯೬೨ರ ಖಡಕ್ ಸಿಂಗ್ ಮೊಕದ್ದಮೆಯಲ್ಲಿ ಬಹುಮತವೂ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಪ್ಪಲಿಲ್ಲ. ಎರಡನೆಯದರಲ್ಲಿ ನ್ಯಾಯಮೂರ್ತಿ ಸುಬ್ಬರಾವ್ ಅವರು ಭಿನ್ನಮತ ಬರೆದರು. ಅರ್ಧ ಶತಮಾನದ ನಂತರ, ೨೦೧೨ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರ ವಯಸ್ಸು ಎಂಬತ್ತನ್ನು ಮೀರಿತ್ತು. ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿದರು. ಪುಟ್ಟಸ್ವಾಮಿಯವರು ೨೦೨೪ರಲ್ಲಿ ದಿವಂಗತರಾದರು; ಅವರ ಹೆಸರು ದೇಶದ ಕಾನೂನಿನಲ್ಲಿ ಸ್ಥಿರವಾಗಿ ನಿಂತಿದೆ.

ಈ ಹಕ್ಕು ಅಬಾಧಿತವೆಂದು ಆ ತೀರ್ಪು ಹೇಳಲಿಲ್ಲ. ಕಾನೂನಿನ ಆಧಾರವಿದ್ದು, ಉದ್ದೇಶ ನ್ಯಾಯವಾಗಿದ್ದು, ಉದ್ದೇಶಕ್ಕೆ ತಕ್ಕಷ್ಟೇ ಮಿತಿಯಲ್ಲಿದ್ದರೆ ಸರಕಾರ ಒಳಗೆ ಬರಬಹುದು. ಈ ಅಳತೆಯ ಫಲವನ್ನು ೨೦೧೮ರ ಸೆಪ್ಟೆಂಬರ್ ೨೬ರ ಆಧಾರ್ ತೀರ್ಪಿನಲ್ಲಿ ಕಾಣಬಹುದು. ಆದಾಯ ತೆರಿಗೆಯ ಪ್ಯಾನ್ ಸಂಖ್ಯೆಗೂ ಸರಕಾರಿ ಸಹಾಯಧನಕ್ಕೂ ಆಧಾರ್ ಜೋಡಣೆ ಉಳಿಯಿತು. ಬ್ಯಾಂಕ್ ಖಾತೆಗೂ ಮೊಬೈಲಿಗೂ ಕಡ್ಡಾಯವಾಗಿ ಜೋಡಿಸಬೇಕೆಂಬುದು ಬಿದ್ದುಹೋಯಿತು. ಅನಂತರ ೨೦೨೩ರಲ್ಲಿ ವೈಯಕ್ತಿಕ ಮಾಹಿತಿ ಸಂರಕ್ಷಣೆಯ ಕಾನೂನು ಬಂದಿತು. ೨೦೨೫ರ ನವೆಂಬರಿನಲ್ಲಿ ಅದರ ನಿಯಮಗಳು ಹೊರಟುವು. ಹಂತಹಂತವಾಗಿ ಜಾರಿಗೆ ಬರುವಂತೆ ರಚಿತವಾದ ಈ ಕಾನೂನು ಸರಕಾರಕ್ಕೆ ವಿಶಾಲವಾದ ವಿನಾಯಿತಿಗಳನ್ನಿಟ್ಟಿದೆ ಎಂಬ ಟೀಕೆ ಇದೆ. ಏನಿದ್ದರೂ ಹಕ್ಕು ಕಾಗದದ ಮೇಲೆ ಬಂದಿತು. ಅದನ್ನು ದಿನನಿತ್ಯದಲ್ಲಿ ಬಳಸುವ ಶ್ರಮ ಪ್ರಜೆಯ ಪಾಲಿಗೆ ಉಳಿಯಿತು.

೫

ಇನ್ನು ಶ್ರಮದ ಲೆಕ್ಕ. ಎಲ್ಲವನ್ನೂ ಎಲ್ಲರಿಂದಲೂ ಮರೆಮಾಡುವುದು ಸಾಧ್ಯವೂ ಅಲ್ಲ, ಯೋಗ್ಯವೂ ಅಲ್ಲ. ಮೊಬೈಲಿಲ್ಲದೆ, ಬ್ಯಾಂಕಿಲ್ಲದೆ, ಯುಪಿಐ ಇಲ್ಲದೆ ಡೊಂಬಿವಲಿಯಿಂದ ಕೆಲಸಕ್ಕೆ ಹೋಗಿಬರುವ ಸಂಸಾರ ನಡೆಯದು. ಹಾಗೆ ಬದುಕಹೊರಟವನು ಖಾಸಗಿತನವನ್ನು ಕಾಪಾಡಿಕೊಂಡು ಜೀವನವನ್ನು ಕಳೆದುಕೊಂಡಂತಾಗುತ್ತದೆ. ಆದುದರಿಂದ ಶ್ರಮವನ್ನು ಎಲ್ಲ ಕಡೆಗೂ ಸಮನಾಗಿ ಹಂಚದೆ, ಹಾನಿ ಎಲ್ಲಿ ಸರಿಪಡಿಸಲಾಗದೋ ಅಲ್ಲಿ ಹೆಚ್ಚಾಗಿ ಇಡುವುದು ವಿವೇಕ. ಸೂತ್ರ ಇಷ್ಟೆ: ಬದಲಿಸಬಹುದಾದುದಕ್ಕೆ ಅಲ್ಪ ಶ್ರಮ, ಬದಲಿಸಲಾಗದುದಕ್ಕೆ ಅಧಿಕ ಶ್ರಮ.

ಗುಪ್ತಪದವನ್ನು ಐದು ನಿಮಿಷದಲ್ಲಿ ಬದಲಿಸಬಹುದು. ಡೆಬಿಟ್ ಕಾರ್ಡು ಹೋದರೆ ಹೊಸದು ಬರುತ್ತದೆ. ಮೊಬೈಲ್ ಸಂಖ್ಯೆಯನ್ನು ಕಷ್ಟದಿಂದಲಾದರೂ ಬದಲಿಸಬಹುದು. ಜನ್ಮದಿನ, ಬೆರಳಚ್ಚು, ಮುಖ, ರೋಗದ ಇತಿಹಾಸ ಇವು ಒಮ್ಮೆ ಹೊರಬಿದ್ದರೆ ತಿರುಗಿ ಬಾರವು. ೨೦೨೩ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿಯ ಪತ್ರಗಳಲ್ಲಿದ್ದ ಬೆರಳಚ್ಚುಗಳನ್ನು ನಕಲುಮಾಡಿ, ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಯಿಂದ ಖಾತೆಗಳಿಗೆ ಕನ್ನಹಾಕಿದ ದೂರುಗಳು ಬಂದುವು. ಊರಿನಲ್ಲಿ ನಿವೇಶನ ಕೊಂಡು ಮುಂಬಯಿಯಲ್ಲಿ ದುಡಿಯುತ್ತಿರುವವರಿಗೆ ಇದು ದೂರದ ಸುದ್ದಿಯಲ್ಲ. ಇದಕ್ಕೆ ಪ್ರತೀಕಾರವಾಗಿ ಆಧಾರ್ ಪ್ರಾಧಿಕಾರವೇ ಒದಗಿಸಿರುವ ‘ಬಯೊಮೆಟ್ರಿಕ್ ಲಾಕ್’ ಎಂಬ ಬೀಗವಿದೆ. ಅದನ್ನು ಹಾಕಲು ಕೆಲವು ನಿಮಿಷಗಳು ಸಾಕು, ಬೇಕಾದಾಗ ತೆರೆಯಬಹುದು. ಹನ್ನೆರಡು ಅಂಕೆಗಳಲ್ಲಿ ಕೊನೆಯ ನಾಲ್ಕನ್ನು ಮಾತ್ರ ತೋರಿಸುವ ಮುಸುಕಿನ ಆಧಾರ್ ಪ್ರತಿಯೂ, ಸಂಖ್ಯೆಗೆ ಬದಲಾಗಿ ಕೊಡಬಹುದಾದ ಹದಿನಾರು ಅಂಕೆಯ ತಾತ್ಕಾಲಿಕ ಸಂಖ್ಯೆಯೂ ದೊರೆಯುತ್ತವೆ. ಪೂರ್ಣ ಪ್ರತಿ ಕೊಡಲೇಬೇಕಾದಲ್ಲಿ ಅದರ ಮೇಲೆ ಅಡ್ಡಲಾಗಿ ತಾರೀಖನ್ನೂ ಉದ್ದೇಶವನ್ನೂ ಬರೆದುಕೊಡುವ ಹಳೆಯ ಪದ್ಧತಿ ಇಂದಿಗೂ ಒಳ್ಳೆಯದು; ಆ ಪ್ರತಿ ಬೇರೆ ಕೆಲಸಕ್ಕೆ ಸುಲಭವಾಗಿ ಸಲ್ಲದು.

ಹಾನಿಯ ಪಕ್ಕದಲ್ಲಿಯೂ ಕೆಲವು ಸಂಗತಿಗಳನ್ನು ಬರೆದುಕೊಳ್ಳಬೇಕು. ೨೦೧೮ರಲ್ಲಿ ಥಾಣೆಯ ಪೊಲೀಸರು ಮೊಬೈಲ್ ಕರೆಗಳ ವಿವರಗಳನ್ನು ಅಕ್ರಮವಾಗಿ ಪಡೆದು ಮಾರುತ್ತಿದ್ದ ಜಾಲವೊಂದನ್ನು ಬಯಲಿಗೆಳೆದು ಖಾಸಗಿ ಪತ್ತೇದಾರರನ್ನು ಬಂಧಿಸಿದರು. ಯಾರು ಯಾರೊಡನೆ ಯಾವಾಗ ಎಷ್ಟು ಹೊತ್ತು ಮಾತಾಡಿದರೆಂಬುದು ಹಣಕ್ಕೆ ಸಿಗುವ ಸರಕಾಗಿದ್ದಿತು. ಮೊಬೈಲಿನಲ್ಲಿ ಸಾಲಕೊಡುವ ಆ್ಯಪುಗಳು ಸಾಲಗಾರನ ಫೋನಿನಲ್ಲಿದ್ದ ಹೆಸರುಗಳನ್ನೆಲ್ಲ ಎತ್ತಿಕೊಂಡು ನೆಂಟರಿಗೂ ಸಹೋದ್ಯೋಗಿಗಳಿಗೂ ಕರೆಮಾಡಿ ಮಾನ ಕಳೆದ ಪ್ರಕರಣಗಳು ಹೆಚ್ಚಿದಾಗ, ರಿಸರ್ವ್ ಬ್ಯಾಂಕು ೨೦೨೨ರ ಸೆಪ್ಟೆಂಬರಿನಲ್ಲಿ ಅಂಥ ಆ್ಯಪುಗಳು ಫೋನಿನ ಹೆಸರುಪಟ್ಟಿಯನ್ನು ಮುಟ್ಟಕೂಡದೆಂದು ಆಜ್ಞೆಮಾಡಿತು. ಸಾಲ ಮಾಡಿದವನು ಒಬ್ಬ, ಅಂಜಿದವರು ನೂರು ಜನ. ಟೂರ್ನಿಯರನ ಕಥೆಯೇ ನೂರು ವರ್ಷಗಳ ಅನಂತರ ನೂರ್ಮಡಿಯಾಗಿ ಮರಳಿತು.

ಹಣದ ವಿಷಯದಲ್ಲಿ ಶ್ರಮದ ಪ್ರತಿಫಲವನ್ನು ಹೆಚ್ಚು ಖಚಿತವಾಗಿ ತೋರಿಸಬಹುದು. ರಿಸರ್ವ್ ಬ್ಯಾಂಕು ೨೦೧೭ರ ಜುಲೈ ೬ರಂದು ಹೊರಡಿಸಿದ ಸುತ್ತೋಲೆಯು, ಗಿರಾಕಿಯದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದಾದ ಮೋಸವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗಿರಾಕಿಯ ಹೊಣೆ ಶೂನ್ಯವೆಂದಿತು. ಗುಪ್ತಪದವನ್ನೋ ಒಟಿಪಿಯನ್ನೋ ತಾನೇ ಹೇಳಿಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದೇ. ಎಂದರೆ ಎಚ್ಚರದ ಒಂದು ನಿಮಿಷಕ್ಕೂ ಅಜಾಗ್ರತೆಯ ಒಂದು ನಿಮಿಷಕ್ಕೂ ಇರುವ ಅಂತರ ಒಮ್ಮೊಮ್ಮೆ ಜೀವಮಾನದ ಉಳಿತಾಯವಾಗಿರುತ್ತದೆ. ತಿಂಗಳಿಗೊಮ್ಮೆ ಖಾತೆಯ ಪಟ್ಟಿಯನ್ನು ನೋಡುವುದು, ವರ್ಷಕ್ಕೊಮ್ಮೆ ಉಚಿತವಾಗಿ ದೊರೆಯುವ ಸಾಲದ ವರದಿಯನ್ನು ತರಿಸಿ ತನ್ನ ಹೆಸರಿನಲ್ಲಿ ಬೇರೆಯವರು ಸಾಲ ಮಾಡಿಲ್ಲವೆಂದು ಖಚಿತಪಡಿಸಿಕೊಳ್ಳುವುದು, ಮೋಸವಾದೊಡನೆ ೧೯೩೦ ಸಂಖ್ಯೆಗೆ ಕರೆಮಾಡುವುದು, ಇವುಗಳಿಗೆ ತಗಲುವ ಕಾಲ ವರ್ಷದಲ್ಲಿ ಕೆಲವೇ ತಾಸು. ಇಷ್ಟಕ್ಕೆ ದೊರೆಯುವ ರಕ್ಷಣೆ ದೊಡ್ಡದು. ಇದನ್ನು ಮೀರಿ ಪ್ರತಿಯೊಂದು ಅಂಗಡಿಯ ಬಿಲ್ಲಿಗೂ ಹೋರಾಡುವುದು ಬಹುಮಂದಿಗೆ ನಷ್ಟದ ವ್ಯಾಪಾರ. ಅಲ್ಲಿ “ಸಂಖ್ಯೆ ಕೊಡುವುದಿಲ್ಲ” ಎಂದು ವಿನಯದಿಂದ ಹೇಳಿದರೆ ಸಾಕಾಗುತ್ತದೆ.

೬

ಇಷ್ಟರವರೆಗೆ ತೂಗಿದುದು ಒಬ್ಬೊಬ್ಬರ ಲಾಭನಷ್ಟ. ತಕ್ಕಡಿಯಲ್ಲಿ ಇಡಲು ಇನ್ನೊಂದು ಉಳಿದಿದೆ. ಸಾಮಾನ್ಯವಾಗಿ ಅದನ್ನು ಮರೆಯುವುದರಿಂದಲೇ ಈ ಶ್ರಮ ದುಬಾರಿಯೆಂದು ತೋರುತ್ತದೆ. ಮನುಷ್ಯನು ತನ್ನ ಸಂಗತಿಗಳನ್ನು ಮಾತ್ರ ಇಟ್ಟುಕೊಂಡಿರುವುದಿಲ್ಲ, ಇತರರವನ್ನೂ ಇಟ್ಟುಕೊಂಡಿರುತ್ತಾನೆ. ಸೊಸೈಟಿಯ ಕಾರ್ಯದರ್ಶಿಯ ಕಪಾಟಿನಲ್ಲಿ ಬಾಡಿಗೆದಾರರ ಪತ್ರಗಳಿವೆ. ಗೃಹಿಣಿಯ ಮೊಬೈಲಿನಲ್ಲಿ ಮನೆಗೆಲಸದ ಹೆಂಗಸಿನ ಆಧಾರ್ ಚಿತ್ರವಿದೆ. ಆ ಹೆಂಗಸಿಗೆ ಬೇಡವೆನ್ನುವ ಸ್ವಾತಂತ್ರ್ಯವಿಲ್ಲ, ಬೇಡವೆಂದರೆ ಕೆಲಸವಿಲ್ಲ. ಹೊಸದಾಗಿ ಊರಿನಿಂದ ಬಂದು ಕಲ್ಯಾಣದಲ್ಲಿ ಖೋಲಿ ಹುಡುಕುವ ಹುಡುಗನಿಗೂ ಅಷ್ಟೆ. ಖಾಸಗಿತನದ ಶ್ರಮವನ್ನು ಇಂಥವರು ತಾವಾಗಿ ಪಡಲಾರರು. ಅವರ ಪತ್ರ ಯಾರ ಕೈಯಲ್ಲಿದೆಯೋ ಅವರೇ ಪಡಬೇಕು.

ನಾಡಿನಿಂದ ದೂರವಿರುವವರ ಸಂಘಸಂಸ್ಥೆಗಳಿಗೂ ಈ ಮಾತು ಅನ್ವಯಿಸುತ್ತದೆ. ಸದಸ್ಯರ ಹೆಸರು, ವಿಳಾಸ, ದೂರವಾಣಿ, ಹುಟ್ಟೂರು, ರಕ್ತದ ಗುಂಪುಗಳನ್ನು ಅಚ್ಚುಹಾಕಿಸುವ ಪದ್ಧತಿ ಒಂದು ಕಾಲದಲ್ಲಿ ಬಹಳ ಉಪಕಾರಿಯಾಗಿತ್ತು. ಪರಸ್ಥಳದಲ್ಲಿ ಕನ್ನಡದ ಮನೆಯೊಂದನ್ನು ಹುಡುಕಲು ಅದೇ ದಾರಿ. ಅಂದು ಆ ಪುಸ್ತಕ ಮುನ್ನೂರು ಮನೆಗಳ ಕಪಾಟುಗಳಲ್ಲಿ ಇರುತ್ತಿತ್ತು. ಇಂದು ಅದೇ ಪಟ್ಟಿ ಒಂದು ಕಡತವಾಗಿ ಗುಂಪಿನಿಂದ ಗುಂಪಿಗೆ ಹರಿದು ಮೋಸಗಾರರ ಕೈಗೆ ಸೇರಬಹುದು. ಕನ್ನಡದಲ್ಲಿಯೇ ಮಾತಾಡಿಸಿ, ಊರಿನ ಹೆಸರು ಹೇಳಿ ವಿಶ್ವಾಸ ಗಳಿಸುವ ವಂಚಕನಿಗೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ವಧೂವರರ ವಿವರಪತ್ರಗಳಲ್ಲಿ ಜನ್ಮದಿನ, ಸಂಬಳ, ಮನೆತನ, ಭಾವಚಿತ್ರ ಎಲ್ಲವೂ ಇರುತ್ತವೆ. ಸಂಬಂಧ ಕೂಡಿಬಂದು ವರ್ಷಗಳಾದ ಮೇಲೂ ಅವು ತಿರುಗುತ್ತಲೇ ಇರುತ್ತವೆ. ಬೇಕಾದಷ್ಟೇ ಕೇಳುವುದು, ಕೇಳಿದ ಉದ್ದೇಶಕ್ಕೇ ಬಳಸುವುದು, ಉದ್ದೇಶ ತೀರಿದ ಮೇಲೆ ಅಳಿಸಿಹಾಕುವುದು ಎಂಬ ಮೂರು ನಿಯಮಗಳನ್ನು ಒಂದು ಕಾರ್ಯಕಾರಿ ಸಮಿತಿ ಒಂದೇ ಸಭೆಯಲ್ಲಿ ಗೊತ್ತುಪಡಿಸಬಹುದು. ಒಬ್ಬ ಕಾರ್ಯದರ್ಶಿಯ ಒಂದು ಸಂಜೆಯ ಶ್ರಮದಿಂದ ಮುನ್ನೂರು ಸಂಸಾರಗಳಿಗೆ ಮರೆಯಾಗುತ್ತದೆ. ಇದಕ್ಕಿಂತ ಅಗ್ಗವಾದ ರಕ್ಷಣೆ ಬೇರೆಯಿಲ್ಲ.

ಚಾಳಿನ ನೆರೆಯವರು ಮಾಡುತ್ತಿದ್ದುದೂ ಇದನ್ನೇ. ಅವರಿಗೆ ಎಲ್ಲವೂ ಕೇಳಿಸುತ್ತಿತ್ತು. ಆದರೂ ಬೆಳಿಗ್ಗೆ ನಲ್ಲಿಯ ಬಳಿ ಸಿಕ್ಕಾಗ ಏನೂ ಕೇಳಿಸಲಿಲ್ಲವೆಂಬಂತೆ ಕುಶಲ ಪ್ರಶ್ನೆ ಮಾಡುತ್ತಿದ್ದರು. ಆ ಸೌಜನ್ಯಕ್ಕೆ ಕಾನೂನಿನ ಬೆಂಬಲವಿರಲಿಲ್ಲ, ಯಂತ್ರದ ನೆರವೂ ಇರಲಿಲ್ಲ. ಇಂದು ಮರೆವು ತಾನಾಗಿ ಬಾರದು. ಅಳಿಸುವವರು ಕೈಯಾರೆ ಅಳಿಸಬೇಕು. ತನ್ನ ಮರೆಗಾಗಿ ಪಡುವ ಶ್ರಮಕ್ಕೆ ಒಂದು ಮಿತಿಯನ್ನು ಇಟ್ಟುಕೊಳ್ಳುವುದು ನ್ಯಾಯವೇ ಸರಿ. ನಂಬಿ ಕೊಟ್ಟವರ ಮರೆಯನ್ನು ಕಾಯುವ ಶ್ರಮದಲ್ಲಿ ಮಾತ್ರ ಜಿಪುಣತನ ಸಲ್ಲದು.